ಬದಲಿ ಶಾಸಕನ ಶವಾಸನ

ಪ್ರೀತಿಯ ಕೊಮಾದ್ರೆ ಎಫಿಹೆನಿಯಾ,

ನೀನು ನನ್ನ ಮಗಳಿಗೆ ಧರ್ಮತಾಯಿಯಾದ ದಿನದಿಂದ ಹೀಗೇ ಕರೆದಿದ್ದೇನೆ. ನಾಳೆ ನಿನ್ನನ್ನು ಮಣ್ಣು ಮಾಡುತ್ತಾರೆ. ಈ ಪತ್ರ ನಿನ್ನ ಪೆಟ್ಟಿಗೆಗೇ ಹಾಕುತ್ತೇನೆ, ಅಂಚೆಯವನಿಗೆ ಕೆಲಸವಿಲ್ಲ.

ಈ ಬೆಟ್ಟದ ರಾಜ್ಯದಲ್ಲಿ ಶಾಸಕಿಯಾದ ಮೊದಲ ಹೆಣ್ಣು ನೀನು. ಹೆಂಗಸರನ್ನೂ ನಿಲ್ಲಿಸಬೇಕೆಂಬ ಕಾನೂನು ಬಂತೆಂದು ಧಣಿ ಆರ್ನುಲ್ಫೊ ನಿನ್ನನ್ನು ನಿಲ್ಲಿಸಿದ. ಗೆದ್ದ ಮೇಲೆ ನೀನು ರಾಜೀನಾಮೆ ಕೊಡಬೇಕು, ಕುರ್ಚಿ ನಿನ್ನ ಜೊತೆಗೇ ಚುನಾವಣೆಗೆ ಹೆಸರು ಕೊಟ್ಟಿದ್ದ ಬದಲಿ ಸದಸ್ಯನಿಗೆ ಹೋಗಬೇಕು; ಎಲ್ಲ ಕಡೆ ನಡೆಯುತ್ತಿದ್ದ ಆಟ ಅದು. ಬದಲಿ ನಾನು, ಪಟಾಕಿ ಕಟ್ಟುವ ಕೋಡಂಗಿ. ಹೇಳಿದಾಗ ಕೈ ಎತ್ತುತ್ತೇನೆಂದು ಆರಿಸಿದ್ದ.

ನೀನು ಒಪ್ಪಲಿಲ್ಲ. ಅವನ ಆಳುಗಳು ನಿನ್ನ ಎಡಗೈಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದರು. ಬಲಗೈ ಉಳಿಸಿದ್ದು ಸಹಿಗೆ. ಸಹಿ ಮಾಡಿಕೊಟ್ಟು ನೇರ ನನ್ನ ಬಾಗಿಲಿಗೆ ಬಂದೆ, ಕಿರುಚದಿರಲು ಕಚ್ಚಿಕೊಂಡಿದ್ದ ತುಟಿಯ ರಕ್ತ ಉಗುಳಿದೆ.

"ಕ್ರಿಸ್ಪಿನ್, ನೀನು ಆ ಕುರ್ಚಿ ಮೇಲೆ ಕೂತ್ರೆ ನಿನ್ ಮೀಸೆ ನಾನೇ ಕೀಳ್ತೀನಿ."

"ಕೂರಲ್ಲ ಕಣಮ್ಮ, ಮಲಗ್ತೀನಿ."

ಶಾಸನಸಭೆಯ ಆಸನ ಬೇಡವೆಂದು ಶವಾಸನ ಹಾಕಿದೆ. ಬದಲಿ ಸತ್ತರೆ ಮರುಚುನಾವಣೆ. ನಿನ್ನ ಕೈ ನೋಡಿದ ಊರು ಧಣಿಯ ಕಡೆಯವನಿಗೆ ಓಟು ಹಾಕುತ್ತಿರಲಿಲ್ಲ.

ಮುಖಕ್ಕೆ ಜೋಳದ ಹಿಟ್ಟು, ಎದೆಯ ಮೇಲೆ ಶಿಲುಬೆ. ಅಂಗಳದಲ್ಲಿ ಜನ ನನ್ನದೇ ಮೆಸ್ಕಾಲ್ ಕುಡಿದು ನನ್ನನ್ನೇ ಬೈಯುತ್ತಿದ್ದರು, ನಗು ನುಂಗಿಕೊಂಡೆ. ಧಣಿ ಬಂದ. "ಈ ಕಳ್ನನ್ಮಗ ಸತ್ತ್ರೂ ನಂಬೋಕಾಗಲ್ಲ" ಎಂದು ಉರಿಯುವ ಚುಟ್ಟಾವನ್ನು ನನ್ನ ಅಂಗಾಲಿಗೆ ಒತ್ತಿದ. ಸುಟ್ಟ ಮಾಂಸದ ವಾಸನೆ ನನ್ನ ಮೂಗಿಗೇ ಬಂತು. ನೀನು ಅಳುತ್ತ ನನ್ನ ಮೇಲೆ ಬಿದ್ದು, ಆ ಜಜ್ಜಿದ ಕೈಯನ್ನೇ ನನ್ನ ಬಾಯಿಗೆ ತುರುಕಿದೆ. ನಾನು ಕಚ್ಚಿದೆ. ಕಿರುಚಿದವಳು ನೀನು. ಊರೆಲ್ಲ ಅದನ್ನು ದುಃಖವೆಂದುಕೊಂಡಿತು.

ಕುರ್ಚಿ ಎದುರು ಪಕ್ಷಕ್ಕೆ ಹೋಗುವುದಕ್ಕಿಂತ ನೀನೇ ಕೂರುವುದು ಮೇಲೆಂದು ಧಣಿ ಇನ್ನೂ ತನ್ನ ಜೇಬಿನಲ್ಲೇ ಇದ್ದ ನಿನ್ನ ರಾಜೀನಾಮೆಯನ್ನು ಅಲ್ಲೇ ಹರಿದು ಬಿಸಾಡಿದ. ನೀನು ಸದನಕ್ಕೆ ಹೋಗಿ, ಹೆಣ್ಣಿಗೆ ಹೆಣ್ಣೇ ಬದಲಿ ಇರಬೇಕೆಂದು ಜಗಳವಾಡಿ ಕಾನೂನು ಮಾಡಿಸಿದೆ. ನನ್ನ ಪೆಟ್ಟಿಗೆಗೆ ಕಲ್ಲು ತುಂಬಿ ಹೂಳಿಸಿ, ನಾನು ಇಷ್ಟು ವರ್ಷ ದೂರದ ಊರಲ್ಲಿ ಕುಂಟುತ್ತ, ದಿವಂಗತನಾಗಿ ಸುಖವಾಗಿದ್ದೆ.

ಈ ಸಲವೂ ಗೆದ್ದು ಬಂದ ನಿನ್ನ ಎದೆಗೆ ನಿನ್ನೆ ಸಂತೆಯಲ್ಲಿ ಧಣಿಯ ಮಕ್ಕಳು ಗುಂಡು ಹೊಡೆದರು. ಇವತ್ತು ನಿನ್ನ ಪೆಟ್ಟಿಗೆಯ ಹತ್ತಿರ ಬಂದು, ಯಾರೂ ನೋಡದಾಗ ನಿನ್ನ ಅಂಗಾಲಿಗೆ ಕಚಗುಳಿ ಇಟ್ಟೆ. ಮತ್ತೆ ಇಟ್ಟೆ. ನನಗಿಂತ ಚೆನ್ನಾಗಿ ನಟಿಸುತ್ತಿದ್ದೀಯೇನೋ ಅನ್ನಿಸಿತು.

"ಬಿಡು ತಾತ, ಅವಳು ಏಳಲ್ಲ." ಹಿಂದೆ ನಿಂತಿದ್ದವಳು ನಿನ್ನ ಬದಲಿ, ಮಾಂಸದಂಗಡಿಯ ರುಫೀನಾ. ಅವಳ ಬಾಗಿಲಿಗೂ ಗುಂಡು ಹೊಡೆದು ಹೋಗಿದ್ದಾರಂತೆ. ಸೊಂಟದಲ್ಲಿ ಅಂಗಡಿಯ ಕತ್ತಿ ಇತ್ತು. "ನಾಳೆ ಇವಳನ್ನ ಮಣ್ಣು ಮಾಡಿ, ನಾಡಿದ್ದು ಹೋಗಿ ಇವಳ ಕುರ್ಚಿ ಮೇಲೆ ಕೂತ್ಕೋತೀನಿ. ಯಾರು ಎಬ್ಬಿಸ್ತಾರೋ ನೋಡೋಣ."

ಮಲಗು, ಕೊಮಾದ್ರೆ. ದೇವಮಾತೆ ನಿನ್ನ ಆ ಎಡಗೈಯನ್ನು ಮೆಲ್ಲಗೆ ಹಿಡಿದುಕೊಳ್ಳಲಿ.

ನಿನಗಿಂತ ಮೊದಲೇ ಸತ್ತಿದ್ದ ನಿನ್ನ ಬದಲಿ,
ಕ್ರಿಸ್ಪಿನ್