ಮಲಗಿಸುವ ನಡಿಗೆ

ಶುಕ್ರವಾರ, ಬೆಳಗಿನ ಜಾವ ಎರಡೂವರೆ

ಪ್ರೀತಿಯ ಅಮ್ಮನಿಗೆ,

ಟಕ ಟಕ ಸದ್ದಿಗೆ ಎಚ್ಚರವಾಯಿತು. ಇಲಿ ಇರಬೇಕೆಂದು ದೀಪ ಹಾಕಿದರೆ, ಸದ್ದು ಬರುತ್ತಿದ್ದುದು ತೊಟ್ಟಿಲ ಪಟ್ಟಿಯ ಮೇಲಿದ್ದ ನನ್ನ ಎಡಗೈಯಿಂದಲೇ. ನಾನು ನಿದ್ದೆಯಲ್ಲಿದ್ದೆ, ಬೆರಳುಗಳು ಪಿಯಾನೋ ಅಭ್ಯಾಸ ಮಾಡುತ್ತಿದ್ದವು. ಕೃತಿಯ ಯಾವ ಜಾಗ ಎಂದು ನಿನಗೆ ಹೇಳಬೇಕಾಗಿಲ್ಲ. ನಿನ್ನೆ ರಿಹರ್ಸಲ್‌ನಲ್ಲಿ ಹಿಂದಿನ ಸಾಲಿನಲ್ಲಿ ಕೂತು ನೀನೇ ಕೇಳಿದ್ದೀಯ.

ಫೋನು ಮಾಡಬಹುದಿತ್ತು. ಆದರೆ ನೀನು "ಮಗು ಮಲಗಿದಾಗ ನೀನೂ ಮಲಗೇ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಅಳಿಯ ನಾಲ್ಕಕ್ಕೆ ಪಾಳಿಗೆ ಹೊರಡುವಾಗ ಇದನ್ನು ನಿನ್ನ ಬಾಗಿಲ ಕೆಳಗೆ ತೂರಿಸಿ, ಬೆಲ್ ಒತ್ತಿ ಹೋಗುತ್ತಾರೆ. ತಾಯಿ ಮಗಳ ನಡುವೆ ನಾನು ಪೋಸ್ಟ್‌ಮ್ಯಾನ್ ಆದೆ ಎಂದು ಗೊಣಗಿ ಮತ್ತೆ ಮಲಗಿದ್ದಾರೆ.

ಮಗು ಹುಟ್ಟಿದ ಮೇಲೆ ಪಿಯಾನೋ ಮುಂದೆ ಕೂರಲು ಬಿಡುವೇ ಇಲ್ಲವಲ್ಲ. ಹಾಗಾಗಿ ಅವಳನ್ನು ಹೆಗಲಿಗೆ ಹಾಕಿಕೊಂಡು ಮಲಗಿಸುವಾಗ, ಈ ಕಛೇರಿಯ ಕೃತಿಯ ಮೂರನೆಯ ಭಾಗದ ಎಡಗೈ ಓಟವನ್ನು ಅವಳ ಬೆನ್ನ ಮೇಲೇ ನುಡಿಸುತ್ತಿದ್ದೆ. ನೀನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟ ಬೆರಳುಗಳನ್ನೇ, ಒಂದೂ ತಪ್ಪದೆ. ಬೇಗ ತಟ್ಟಿದರೆ ಕಣ್ಣು ಬಿಡುತ್ತಾಳೆ, ನಿಧಾನ ಮಾಡಿದರೆ ನಿದ್ದೆ. ಎರಡೂ ಕೆಲಸ ಒಟ್ಟಿಗೇ ಆಯಿತು ಎಂದು ಬೀಗಿದ್ದೆ.

ನಿನ್ನೆ ಇಡೀ ವಾದ್ಯವೃಂದ ಓಡುತ್ತಿದ್ದರೆ, ಆ ಜಾಗ ಬಂದ ಕೂಡಲೇ ನನ್ನ ಎಡಗೈ ಮಗು ಮಲಗಿಸುವ ನಡಿಗೆಗೆ ಇಳಿಯಿತು. ಬೆರಳು ತಪ್ಪಲಿಲ್ಲ, ವೇಗ ಮಾತ್ರ ನನ್ನ ಮಾತು ಕೇಳಲಿಲ್ಲ. ವೃಂದದ ನಿರ್ದೇಶಕರು ತಾಳದ ಕಡ್ಡಿ ಕೆಳಗಿಟ್ಟು, "ಮೇಡಂ, ಯಾರನ್ನ ಮಲಗಿಸ್ತಿದ್ದೀರಿ?" ಎಂದರು. ಪಿಟೀಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಮತ್ತೆ ನುಡಿಸಿದೆ, ಮತ್ತೆ ಅದೇ. ಮೂರನೆಯ ಸಲ ಯಾರೂ ನಗಲಿಲ್ಲ. ಆದರೆ ಸೆಲ್ಲೋ ನುಡಿಸುವ ಹಿರಿಯರು ಹೊರಡುವಾಗ ಹತ್ತಿರ ಬಂದು, ಇಷ್ಟು ವರ್ಷದಲ್ಲಿ ಆ ಜಾಗ ಸರಿಯಾಗಿ ಕಿವಿಗೆ ಬಿದ್ದದ್ದು ಇದೇ ಮೊದಲು ಎಂದರು. ಅದು ಹೊಗಳಿಕೆಯೋ, ಕನಿಕರವೋ? ಕೆಟ್ಟಿತೋ ಸರಿಹೋಯಿತೋ ತಿಳಿಯದಷ್ಟು ನನ್ನ ಕಿವಿ ಮಂಕಾಗಿದೆ.

ಯಾವಾಗಲೂ ರಿಹರ್ಸಲ್ ಮುಗಿದ ಕೂಡಲೇ ವೇದಿಕೆ ಹತ್ತಿ, "ನಾಲ್ಕನೇ ಬೆರಳು ಸೋಮಾರಿ ಆಗಿದೆ ಕಣೇ" ಎನ್ನುವವಳು ನೀನು. ನಿನ್ನೆ ತಿರುಗಿ ನೋಡಿದರೆ ಕುರ್ಚಿ ಖಾಲಿ. ಬೈದಿದ್ದರೆ ನೆಮ್ಮದಿಯಾಗಿ ಮಲಗುತ್ತಿದ್ದೆ.

ಈಗ ಕೇಳಬಾರದ್ದನ್ನು ಕೇಳುತ್ತೇನೆ. ತೊಟ್ಟಿಲ ಪಟ್ಟಿಯ ಮೇಲೆ ಬೆರಳುಗಳು ತಮ್ಮ ಪಾಡಿಗೆ ಆಡುವುದನ್ನು ನೋಡುತ್ತ ಕೂತಾಗ ಹೊಳೆಯಿತು: ಈ ನಡಿಗೆ ನಾನು ಮಗುವಿನಿಂದ ಕಲಿತದ್ದಲ್ಲ, ನನ್ನ ಬೆನ್ನಿಗೆ ಮೊದಲೇ ಗೊತ್ತಿದ್ದದ್ದು. ಅದು ನಿನ್ನ ಕೈ ಅಮ್ಮಾ. ನೀನೂ ನನ್ನನ್ನು ಹೀಗೇ ಮಲಗಿಸುತ್ತಿದ್ದೆ. ನಾನು ಕೈಗೂಸಾಗಿದ್ದಾಗ ನೀನು ವೇದಿಕೆಯ ಮೇಲೆ ಕಡೆಯ ಸಲ ನುಡಿಸಿದ್ದೂ ಇದೇ ಕೃತಿ ಅಲ್ಲವೇ? ಆಮೇಲೆ ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆಲ್ಲ ಮಣಿಕಟ್ಟು ನೋವು ಎನ್ನುತ್ತೀಯ. ಅದೇ ಕೈಯಲ್ಲಿ ಇಷ್ಟು ವರ್ಷ ನನಗೆ ನುಡಿಸಿ ತೋರಿಸಿದೆ, ಒಂದು ದಿನವೂ ಮುಲುಗಲಿಲ್ಲ. ನಿನಗೂ ಹೀಗೇ ಆಗಿತ್ತೇ? ಅದಕ್ಕೇ ನಿನ್ನೆ ಎದ್ದು ಹೋದೆಯಾ?

ನಿನ್ನ ಮೇಲೆ ಕೋಪವಿಲ್ಲ. ಇದೆಯೋ ಏನೋ, ನಿದ್ದೆ ಮಾಡಿ ಎದ್ದ ಮೇಲೆ ಹೇಳುತ್ತೇನೆ. ನಾಳೆ ಸಂಜೆ ಕಛೇರಿ. ನುಡಿಸಲೋ, ಬೇಡವೋ? ಈ ನಡಿಗೆಯನ್ನು ಕೈಯಿಂದ ಬಿಡಿಸಬೇಕೋ, ನಿರ್ದೇಶಕರ ಜೊತೆ ಜಗಳವಾಡಿಯಾದರೂ ಉಳಿಸಿಕೊಳ್ಳಬೇಕೋ? ಬೇರೆ ಯಾರನ್ನು ಕೇಳಲಿ?

ನಿದ್ದೆಗೆಟ್ಟ ನಿನ್ನ
ಗುಬ್ಬಿ

ತಾ.ಕ.: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನುಡಿಸಲೋ ಬೇಡವೋ ಎಂದು ಮೇಲೆ ಕೇಳಿದೆನಲ್ಲ, ನಿನ್ನೆ ಸಂಜೆಯೇ ನಿರ್ದೇಶಕರಿಗೆ ನನ್ನಿಂದ ಆಗುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ಕಾರಣ ಕೇಳಿದರು. ಮಣಿಕಟ್ಟು ನೋವು ಎಂದೆ. ಬೆಳಗಾದರೆ ಬೇರೆಯವರನ್ನು ಕರೆಸುತ್ತಾರೆ. ಅಷ್ಟರೊಳಗೆ ಒಂದು ಫೋನು ಮಾಡಮ್ಮ. ಮಗು ಎದ್ದರೆ ಏಳಲಿ.