ಬೆಲ್ಲ ಎಂಬ ಹೆಸರು

ಮಧುರೆ
ಶನಿವಾರ, ಸಂಜೆ ಆರು ಗಂಟೆ

ಚೈತ್ರ ಮೇಡಂ ಅವರಿಗೆ ನಮಸ್ಕಾರ.

ಇವತ್ತು ನಿಮ್ಮ ತರಗತಿಯಲ್ಲಿ ಬೇರೆಯವರ ನಾಯಿಗಳೆಲ್ಲ ಹೆಸರು ಕರೆದ ಕೂಡಲೇ ಓಡಿಬಂದು ಮೊಟ್ಟೆ ಚೂರು ತಿಂದವು. ನಮ್ಮ ಬೆಲ್ಲ ಮಾತ್ರ ನಾನು ಕರೆದಷ್ಟೂ ಹಿಂದಕ್ಕೆ ಸರಿಯಿತು. "ಯಾರಾದ್ರೂ ಕರೆದು ಹೊಡೆದಿದ್ದಾರಾ ಅಣ್ಣಾ?" ಎಂದು ಕೇಳಿದಿರಿ. ಗೊತ್ತಿಲ್ಲ ಎಂದೆ. ಅದು ಸುಳ್ಳು.

ನನ್ನ ಹೆಂಡತಿ ಪ್ರಮೋದಾಳ ತಿಥಿಯ ದಿನ ಅವಳಿಗಿಟ್ಟ ಎಡೆಗೆ ಬೆಲ್ಲ ಬಾಯಿ ಹಾಕಿ ಓಡಿಹೋಯಿತು. ಹೆಸರು ಹಿಡಿದು ಕರೆದೆ. ಬಾಲ ಆಡಿಸುತ್ತಾ ಬಂತು. ನೆಂಟರ ಮುಂದೆಯೇ ಬೆಲ್ಟಿನಿಂದ ಹೊಡೆದೆ.

"ಬಂದ್ಮೇಲೆ ಹೊಡೀಬೇಡಿ ಕಣ್ರೀ, ಬಂದಿದ್ದೇ ತಪ್ಪು ಅಂದ್ಕೊಳ್ಳುತ್ತೆ" ಎಂದು ಅವಳು ಇದ್ದಾಗ ನಿಮ್ಮಲ್ಲಿ ಕಲಿತದ್ದನ್ನು ನನಗೆ ಹೇಳುತ್ತಿದ್ದಳು. "ನಾಯಿಗೂ ಒಂದು ಇಸ್ಕೂಲಾ?" ಎಂದು ನಾನು ನಗುತ್ತಿದ್ದೆ.

ಆ ಹೆಸರಿಗೇ ಅದು ಹೆದರುತ್ತಿದೆ, ಬೇರೆ ಹೆಸರಿಡಿ ಎಂದಿರಿ. ದಯವಿಟ್ಟು ಬದಲಿಸುವುದು ಬೇಡ. ಅದು ಪ್ರಮೋದಾ ಇಟ್ಟ ಹೆಸರು. ನೀವೇ ಕರೆದು ಕರೆದು ತಿನ್ನಿಸಿ, ಭಯ ಬಿಡಿಸಿ. ನನಗೆ ಸೀಟಿ ಊದಿ ಕರೆಯುವುದನ್ನು ಕಲಿಸಿಕೊಡಿ. ಆ ಹೆಸರು ಹಿಡಿದು ನಾನು ಇನ್ನು ಕರೆಯುವುದಿಲ್ಲ.

ನಾಳೆ ಏಳು ಗಂಟೆಗೆ ಇಬ್ಬರೂ ಬರುತ್ತೇವೆ.

ನಿಮ್ಮಲ್ಲಿ ಕಲಿಯಲು ಬರುವ,
ಕಾಂತರಾಜು