ಹೊಸ ಸೈಲೆನ್ಸರಿನ ಸದ್ದು

ಜನವರಿ ೨೩, ಗುರುವಾರ

ಬೆರಳು ಇನ್ನೂ ಚುರುಗುಟ್ಟುತ್ತಿದೆ. ಹಿಮದ ಮೇಲೆ ಓಡಿಸುವ ನನ್ನ ಸ್ನೋಮೊಬೈಲ್ ಗಾಡಿಯ ಟರ್ಬೊ ಇಂಜಿನ್ನಿಗೆ ಹೊಸ ಸೈಲೆನ್ಸರ್ ಕೂರಿಸಿ, ಸ್ಪ್ರಿಂಗ್ ಎಳೆದು ಸಿಕ್ಕಿಸುವಾಗ ತರಚಿದ್ದು. ಹಳೆಯದರ ಅರ್ಧ ತೂಕವೂ ಇಲ್ಲ, ಸದ್ದು ಮಾತ್ರ ಗುಡುಗು. ಪಕ್ಕದ ಮನೆ ತೂರೆ ಕಿವಿ ಮುಚ್ಚಿಕೊಂಡು, "ಇನ್ನು ಚಳಿಗಾಲವಿಡೀ ಮಲಗೋ ಕರಡಿಗಳಿಗೂ ನಿದ್ದೆ ಇಲ್ಲ ಬಿಡೋ!" ಅಂದ. ನಕ್ಕೆವು.

ಸಂಜೆ ಒಬ್ಬನೇ ಹೆಪ್ಪುಗಟ್ಟಿದ ಸರೋವರ ದಾಟಿ ಹೋಗಿ, ಕತ್ತಲಾದ ಮೇಲೆ ಮರಳಿದೆ. ದಿನಾ ತಿರುವಿನಲ್ಲಿ ನನ್ನ ಇಂಜಿನ್ ಸದ್ದು ಕೇಳಿದೊಡನೆ ಜಗುಲಿ ದೀಪ ಹಾಕಿ ಕಾಫಿಗಿಡುವವಳು ನನ್ನ ಹೆಂಡತಿ ಗುನ್‌ವೋರ್. ಇವತ್ತು ದೀಪವಿಲ್ಲ. ಅವಳು ಬೂಟು ಮೆಟ್ಟಿಕೊಂಡು, ಬಿಳಿಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಬೇರೆ ಯಾರದೋ ಗಾಡಿ ಅಂದ್ಕೊಂಡೆ. ಇಷ್ಟು ಹೊತ್ತಲ್ಲಿ, ನೆಟ್ಟಗೆ ನಮ್ಮನೆ ಕಡೆಗೇ..."

ಹಿಂದೆ, ಸರೋವರದ ಮಂಜುಗಡ್ಡೆ ಒಡೆದು ಅವಳಪ್ಪ ಮುಳುಗಿಹೋದ ಸುದ್ದಿ ಹಾಗೇ ಬಂದಿತ್ತು, ಯಾರದೋ ಗಾಡಿಯ ಮೇಲೆ.

ಹಳೆಯ ಸೈಲೆನ್ಸರನ್ನೇ ಹಾಕಿಬಿಡಲೇ? ತೂರೆ ಆಡಿಕೊಳ್ಳುತ್ತಾನೆ, ಆಡಿಕೊಳ್ಳಲಿ. ಆಗಿನಿಂದ ಎದ್ದೆದ್ದು ಗ್ಯಾರೇಜಿನ ಕಡೆ ನೋಡುತ್ತಿದ್ದೇನೆ. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಾಳೆ, ನಿದ್ದೆ ಬಂದಿಲ್ಲ. ಈಗಷ್ಟೇ ಮೆಲ್ಲಗೆ ಅಂದಳು:

"ಬೆಳಿಗ್ಗೆ ಅದನ್ನ ಒಂದ್ಸಲ ಸ್ಟಾರ್ಟ್ ಮಾಡು. ಸದ್ದು ಕೇಳಿ ಗುರುತು ಮಾಡ್ಕೋತೀನಿ."